ಯಲಬುರ್ಗಾ ಕಡೆಗೆ ಹೋದ ನೋಟಿಸು

ಚಿಕ್ಕಬಾಣಾವರದ ಹಳೇ ಊರಿನ ಮುನಿರಾಜು ಅನ್ಯಾಯ ಕಂಡರೆ ಸುಮ್ಮನಿರುವ ಆಸಾಮಿಯಲ್ಲ. ಹಾಲಿನ ಪ್ಯಾಕೆಟ್ಟು ಸೋರಿದರೆ ಅನ್ಯಾಯ. ತಾನು ಹತ್ತಿರ ಬಂದಾಗಲೇ ರೈಲ್ವೆ ಗೇಟು ಬಿದ್ದರೆ ಅನ್ಯಾಯ. ಮದುವೆ ಊಟದಲ್ಲಿ ಪಕ್ಕದವನ ಎಲೆಗೆ ಬಿದ್ದ ಹೋಳಿಗೆ ತನ್ನದಕ್ಕಿಂತ ಒಂದು ಬೆರಳು ಅಗಲವಾಗಿದ್ದರೆ ಅದು ಘೋರ ಅನ್ಯಾಯ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಅವನು ನಟ್ಟು ಬೋಲ್ಟುಗಳ ನಡುವೆ ಕೂತು ದಿನವಿಡೀ ಯಾವುದಾದರೊಂದು ವಿಷಯಕ್ಕೆ ಸಿಟ್ಟಾಗಿರುತ್ತಿದ್ದ. ಅವನ ಸಿಟ್ಟಿಗೆ ಸಿಗದೆ ಉಳಿದವನು ಲೋಕದಲ್ಲಿ ಒಬ್ಬನೇ. ಅವನೇ ಚನಬಸಪ್ಪ.

ಚನಬಸಪ್ಪ ಯಲಬುರ್ಗಾ ಕಡೆಯ ಹಳ್ಳಿಯವನು. ಅದೇ ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುತ್ತ, ಮುನಿರಾಜುವಿನ ಮನೆಯ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದು, ಮುದ್ದೆ ನುಂಗುವುದನ್ನು ಇವನಿಂದ ಕಲಿತು, ರೊಟ್ಟಿ ಬಡಿಯುವುದನ್ನು ಇವನ ಹೆಂಡತಿ ಗೌರಿಗೆ ಕಲಿಸಿ ಹತ್ತಾರು ವರ್ಷ ಕಳೆದಿದ್ದ. ಊರಿನಲ್ಲಿ ಅಣ್ಣತಮ್ಮಂದಿರು ಸೇರಿ ಹಿಟ್ಟಿನ ಗಿರಣಿ ಹಾಕಿ, ಮಷೀನು ಗೊತ್ತಿರುವವನು ನೀನೊಬ್ಬನೇ ಎಂದು ಅವನನ್ನು ಕರೆಸಿಕೊಂಡರು. ಹೋಗುವ ದಿನ ಇಬ್ಬರು ಗಂಡಸರೂ ಅಳದೆ ಇರುವುದಕ್ಕೋಸ್ಕರ ಆಟೋದವನ ಜೊತೆ ಜಗಳವಾಡಿದರು.

ಮೊದಮೊದಲು ಸ್ನೇಹ ವಾಟ್ಸಾಪಿನಲ್ಲಿ ನಡೆಯಿತು. ಮುನಿರಾಜು ಬೆಳಗಾಗೆದ್ದು ಗುಲಾಬಿ ಹೂವಿನ ಶುಭೋದಯ ಕಳಿಸುವುದು, ಚನಬಸಪ್ಪ ತಾವರೆ ಹೂವಿನದು ಕಳಿಸುವುದು. ಹೀಗೆ ಕೆಲವು ತಿಂಗಳು ಹೂವಿನ ವಿನಿಮಯವಾದ ಮೇಲೆ ಒಂದು ದಿನ ಚನಬಸಪ್ಪ ಫೋನು ಮಾಡಿ ಬೇಜಾರು ತೋಡಿಕೊಂಡ.

“ದೋಸ್ತಾ, ನೀ ಕಳಿಸಿದ್ದ ಗುಲಾಬಿನ ನಮ್ಮೂರ ಸೊಸೈಟಿ ಸೆಕ್ರೆಟರಿನೂ ಕಳಿಸ್ಯಾನ. ಆ ಹೂವಿನಾಗ ನೀ ಎಲ್ಲಿದ್ದಿ ಅಂತ ನಾ ಹುಡುಕಬೇಕು?”

ಮುನಿರಾಜುವಿಗೂ ಅದು ನಿಜವೆನಿಸಿತು. ಹಾಗೆ ಶುರುವಾದದ್ದು ಪುಸ್ತಕ. ರಟ್ಟಿನ ಹೊದಿಕೆಯ ದಪ್ಪನೆಯ ಉದ್ದ ಪುಸ್ತಕ. ಒಬ್ಬ ಕೆಲವು ಪುಟ ಬರೆದು, ತನ್ನ ಕಡೆಯ ಏನನ್ನಾದರೂ ಕೈಯಾರೆ ಅಂಟಿಸಿ, ತುಮಕೂರು ರಸ್ತೆಯಲ್ಲಿ ನಿಲ್ಲುವ ಯಲಬುರ್ಗಾ ಬಸ್ಸಿನ ಡ್ರೈವರ್ ಕೈಗೆ ಕೊಡಬೇಕು. ಇನ್ನೊಬ್ಬ ಓದಿ, ತನ್ನ ಪುಟ ತುಂಬಿಸಿ ಅದೇ ಡ್ರೈವರ್ ಕೈಯಲ್ಲಿ ವಾಪಸು ಕಳಿಸಬೇಕು. ಫೋನಿನಲ್ಲಿ ಕಳಿಸಬಹುದಾದದ್ದನ್ನು ಅಂಟಿಸುವ ಹಾಗಿಲ್ಲ ಎಂಬುದೊಂದೇ ಕರಾರು.

ಚನಬಸಪ್ಪನಿಗೆ ಇದು ಸಲೀಸಾಗಿತ್ತು. ಜೋಳದ ತೆನೆ ಅಂಟಿಸಿದ, ಗಿರಣಿಯ ಸವೆದ ಬೆಲ್ಟಿನ ತುಂಡು ಅಂಟಿಸಿದ, ಕಾಳಗದಲ್ಲಿ ಗೆದ್ದ ಟಗರಿನ ಕೂದಲನ್ನು ದಾರದಲ್ಲಿ ಕಟ್ಟಿ ಅಂಟಿಸಿದ. ಟಗರಿನ ಪುಟ ತೆರೆದಾಗಲೆಲ್ಲ ಗೌರಿ ಕಿಟಕಿಯನ್ನೂ ತೆರೆಯಬೇಕಾಗುತ್ತಿತ್ತು. ಮುನಿರಾಜು ಮಾತ್ರ ರೈಲು ಟಿಕೆಟ್ಟು, ತನ್ನ ಬೀದಿಯ ಚಿಕ್ಕಬೈರಪ್ಪನ ಮನೆಯ ಒಂದು ದಾಸವಾಳ ಅಂಟಿಸಿದ ಮೇಲೆ ಇನ್ನೇನು ಎಂದು ತಲೆ ಕೆರೆದುಕೊಂಡ. ಕಡೆಗೆ ಲೇತಿನಿಂದ ಉದುರುವ ಕಬ್ಬಿಣದ ಸುರುಳಿಯೊಂದನ್ನು ಅಂಟಿಸಿ, ನಿನ್ನ ಹಳೇ ಮಷೀನಿನದು ಎಂದು ಬರೆದು ಕಳಿಸಿದ. ಅದು ದಾರಿಯಲ್ಲಿ ತುಕ್ಕು ಹಿಡಿದು, ಹಿಂದಿನ ಪುಟಗಳನ್ನು ಸೀಳಿ, ಚನಬಸಪ್ಪನ ಹೆಬ್ಬೆರಳನ್ನೂ ಕೊಯ್ಯಿತು.

ಪುಸ್ತಕ ವಾಪಸು ಬಂದಾಗ ಆ ಪುಟದ ಕೆಳಗೆ ಹೀಗಿತ್ತು: “ದೋಸ್ತಾ, ನಿಮ್ಮೂರಾಗ ತುಕ್ಕು ಬಿಟ್ರ ಮತ್ತೇನೂ ಇಲ್ಲೇನು? ಹಿಟ್ಟು ಬೀಸಾಕ ಬಂದವರೆಲ್ಲಾ ಪುಸ್ತಕ ನೋಡಿ ಕೇಳಾಕತ್ಯಾರ.”

ಮುನಿರಾಜು ಇದನ್ನು ಮೂರು ಸಲ ಓದಿದ. ಅವಮಾನವಾದದ್ದು ತನಗಲ್ಲ, ಇಡೀ ಚಿಕ್ಕಬಾಣಾವರಕ್ಕೆ ಎಂದು ಗೌರಿಗೆ ಹೇಳಿದ. ತಾತ ಮುತ್ತಾತನ ಕಾಲದಿಂದ ಇದ್ದ ಊರು, ರೈಲ್ವೆ ಸ್ಟೇಷನ್ ಇರುವ ಊರು, ಯಲಬುರ್ಗಾ ಸೀಮೆಯ ಒಂದು ಹಿಟ್ಟಿನ ಗಿರಣಿಯಲ್ಲಿ ತುಕ್ಕಿನ ಊರು ಅನ್ನಿಸಿಕೊಂಡಿತಲ್ಲ. ಇನ್ನು ಕಳಿಸಿದರೆ ಘನವಾದದ್ದನ್ನೇ ಕಳಿಸಬೇಕು, ಗಿರಣಿಯವರು ನೋಡಿ ಎದ್ದು ನಿಲ್ಲಬೇಕು ಎಂದು ತೀರ್ಮಾನಿಸಿದ.

ಆ ಘನವಾದದ್ದು ಮಾರನೆಯ ಬೆಳಿಗ್ಗೆಯೇ ಕಣ್ಣಿಗೆ ಬಿತ್ತು. ಬೀದಿಯ ತಿರುವಿನಲ್ಲಿ ಹಿರಿಯರಾದ ಸೊಣ್ಣಪ್ಪನವರ ಕಾಂಪೌಂಡು. ಅದರ ಗೋಡೆಯ ಮೇಲೆ ಆಗತಾನೆ ಅಂಟಿಸಿದ ದೊಡ್ಡದೊಂದು ಕಾಗದ. ಮೇಲೆ ಸರ್ಕಾರದ ಗಂಡಭೇರುಂಡ, ಕೆಳಗೆ ನೇರಳೆ ಬಣ್ಣದ ದುಂಡು ಮುದ್ರೆ, ಹಸಿರು ಶಾಯಿಯ ರುಜು. ಮುನಿರಾಜುವಿನ ಕನ್ನಡಕ ರಿಪೇರಿಗೆ ಹೋಗಿತ್ತು. ಸಣ್ಣ ಅಕ್ಷರಗಳೆಲ್ಲ ಅವನಿಗೆ ಇರುವೆ ಸಾಲಿನಂತೆ ಕಂಡವು. ದಪ್ಪಕ್ಷರದ ‘ಪ್ರಕಟಣೆ’, ‘ಚಿಕ್ಕಬಾಣಾವರ’ ಎಂಬ ಎರಡು ಮಾತು ಮಾತ್ರ ಓದಲು ಬಂದವು. ಅವನಿಗೆ ಅಷ್ಟೇ ಸಾಕಾಗಿತ್ತು. ಊರಿನ ಹೆಸರು, ಅದರ ನೆತ್ತಿಯ ಮೇಲೆ ಎರಡು ತಲೆಯ ಹಕ್ಕಿ. ಸರ್ಕಾರ ಗೋಡೆಗೆ ಅಂಟಿಸಿದ್ದು ಸಾರ್ವಜನಿಕರಿಗೋಸ್ಕರ, ತಾನೂ ಸಾರ್ವಜನಿಕನೇ ಎಂದು ತರ್ಕ ಮಾಡಿ, ಮನೆಗೆ ಹೋಗಿ ದೋಸೆ ಮಗುಚುವ ಕೈ ತಂದು, ಒಂದು ಮೂಲೆಯೂ ಹರಿಯದಂತೆ ಕಾಗದವನ್ನು ಬಿಡಿಸಿಕೊಂಡ. ಅಂಟು ಇನ್ನೂ ಹಸಿಯಾಗಿದ್ದುದರಿಂದ ಪುಸ್ತಕಕ್ಕೆ ಬೇರೆ ಗೋಂದು ಹಚ್ಚುವ ಕೆಲಸವೂ ತಪ್ಪಿತು. ಸಂಜೆ ಪುಸ್ತಕ ಬಸ್ಸು ಹತ್ತಿತು.

ಚನಬಸಪ್ಪನ ಫೋನು ಬಂತು. ಗಿರಣಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದಾರಂತೆ. ಇಂಥ ಮುದ್ರೆ ತಮ್ಮ ತಾಲೂಕು ಕಚೇರಿಯಲ್ಲೂ ಕಂಡಿಲ್ಲ ಎಂದು ಊರಿನ ಹಿರಿಯರೊಬ್ಬರು ಒಪ್ಪಿಕೊಂಡರಂತೆ. ಒಳಗೇನು ಬರೆದಿದೆ ಎಂದು ಅಲ್ಲಿಯೂ ಯಾರೂ ಓದಲಿಲ್ಲ. ಮುನಿರಾಜು ಆ ವಾರವೆಲ್ಲ ಯಾರ ಮೇಲೂ ಸಿಟ್ಟಾಗಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಗೌರಿ ಹಣೆ ಮುಟ್ಟಿ ನೋಡಿದಳು.

ಕೆಲವು ವಾರಗಳ ಮೇಲೆ ಬೀದಿಗೆ ಕೆಂಪು ಬಣ್ಣದ ಡಬ್ಬಿ ಹಿಡಿದವರು ಬಂದರು. ಟೇಪು ಹಿಡಿದು ಅಳೆದು ಗೋಡೆಗಳ ಮೇಲೆ ಗೀಟು ಎಳೆಯುತ್ತ ಹೋದರು. ಗೀಟು ಸೊಣ್ಣಪ್ಪನವರ ಕಲ್ಲು ಜಗುಲಿಯ ಮೇಲೆ ಹಾದು, ಎದುರು ಮನೆಯ ಚಿಕ್ಕಬೈರಪ್ಪನ ಮೆಟ್ಟಿಲು ನುಂಗಿ, ಮುನಿರಾಜುವಿನ ಬಚ್ಚಲುಮನೆಯನ್ನು ಸರಿಯಾಗಿ ಎರಡು ಪಾಲು ಮಾಡಿತು. ರಸ್ತೆ ಅಗಲವಾಗುತ್ತದೆ, ಗೀಟಿನ ಈಚೆಯದೆಲ್ಲ ಹೋಗುತ್ತದೆ ಎಂದು ಅವರು ತಿಳಿಸಿದರು. ನೀರಿನ ಹಂಡೆ ಒಳಗಿರುತ್ತದೆ, ಸ್ನಾನ ಮಾಡುವವನು ರಸ್ತೆಯಲ್ಲಿರುತ್ತಾನೆ ಎಂದು ಗೌರಿ ಲೆಕ್ಕ ಹಾಕಿದಳು.

ಬೀದಿಗೆ ಬೀದಿಯೇ ಹೊರಗೆ ಬಂತು. ಅಳತೆಯವರ ಮೇಲಿನ ಇಂಜಿನಿಯರು ಬಾಲಾಜಿ ಎಂಬ ತರುಣ, ಶಾಂತವಾಗಿಯೇ ಉತ್ತರ ಕೊಟ್ಟ. ತಿರುವಿನ ಗೋಡೆಗೆ ನೋಟಿಸು ಅಂಟಿಸಿದ್ದಾಗಿದೆ, ಆಕ್ಷೇಪಣೆಗೆ ಕೊಟ್ಟ ಅವಧಿ ಮುಗಿದಿದೆ, ಒಬ್ಬರೂ ಆಕ್ಷೇಪ ಮಾಡಿಲ್ಲವಾದ್ದರಿಂದ ಎಲ್ಲರೂ ಒಪ್ಪಿದ್ದೀರಿ ಎಂದೇ ಲೆಕ್ಕ.

ಇಷ್ಟು ದೊಡ್ಡ ಅನ್ಯಾಯ ಮುನಿರಾಜುವಿನ ಮನೆ ಬಾಗಿಲಿಗೆ ಅದುವರೆಗೂ ಬಂದಿರಲಿಲ್ಲ. ಅವನು ಅದಕ್ಕಾಗಿ ಜೀವಮಾನವೆಲ್ಲ ತಯಾರಾಗಿದ್ದವನಂತೆ ಮುಂದೆ ಬಂದ.

“ಯಾವ ನೋಟಿಸು ಸಾರ್? ಯಾರು ನೋಡಿದ್ದು? ಈ ಬೀದೀಲಿ ದಿನಾ ಬೆಳಿಗ್ಗೆ ಈ ಗೋಡೆ ಮುಂದೇನೇ ನಾನು ವಾಕಿಂಗ್ ಓಗೋನು. ಗೋಡೆ ಮ್ಯಾಲೆ ಹಲ್ಲಿ ಅರಿದ್ರೂ ನಂಗೆ ಗೊತ್ತಾಯ್ತದೆ. ನೀವು ಆಫೀಸಲ್ಲೇ ಕೂತ್ಕೊಂಡು ನಿಮ್ಮ ಗೋಡೆಗೇ ಅಂಟಿಸ್ಕೊಂಡು ನಮ್ಮನೆ ಬಚ್ಚಲು ಒಡೀತೀರಾ?”

ಬೀದಿ ಚಪ್ಪಾಳೆ ತಟ್ಟಿತು. ಸಂಜೆಯೊಳಗೆ ಹೋರಾಟ ಸಮಿತಿ ಹುಟ್ಟಿ, ಮುನಿರಾಜು ಅದರ ಅಧ್ಯಕ್ಷನಾದ. ಸೊಣ್ಣಪ್ಪನವರು ತಮ್ಮ ಕೈಯಿಂದಲೇ ಹಾರ ಹಾಕಿದರು. ಮುನೇಶ್ವರನ ಗುಡಿಯಲ್ಲಿ ಕರ್ಪೂರ ಹಚ್ಚಿ, ನೋಟಿಸನ್ನು ನಾವ್ಯಾರೂ ಕಂಡಿಲ್ಲ ಎಂದು ಮನೆಗೊಬ್ಬರಂತೆ ಪ್ರಮಾಣ ಮಾಡಿದರು. ಅಧ್ಯಕ್ಷನ ದನಿ ಎಲ್ಲರಿಗಿಂತ ಜೋರಾಗಿತ್ತು. ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ತಾನು ಕಿತ್ತದ್ದು ಊರಿನ ಗೌರವವೆಂದೂ ನೋಟಿಸು ಬೇರೆಯೇ ಎಂದೂ ಅವನು ಮನಸಾರೆ ನಂಬಿದ್ದ.

ಮರುದಿನ ಬಾಲಾಜಿ ಮತ್ತೆ ಬಂದು ತನ್ನ ಫೋನನ್ನು ಅಧ್ಯಕ್ಷನ ಕೈಗೇ ಕೊಟ್ಟ. ಅಂಟಿಸಿದ ಕೂಡಲೇ ತೆಗೆದ ಫೋಟೋ. ಸೊಣ್ಣಪ್ಪನವರ ಗೋಡೆ, ಅದರ ಮೇಲೆ ಗಂಡಭೇರುಂಡ, ನೇರಳೆ ಮುದ್ರೆ, ಹಸಿರು ರುಜು. ರಿಪೇರಿಯಾಗಿ ಬಂದಿದ್ದ ಕನ್ನಡಕದಲ್ಲಿ ಸಣ್ಣ ಅಕ್ಷರಗಳೂ ಚೆನ್ನಾಗಿಯೇ ಕಂಡವು. ರಸ್ತೆ ಅಗಲೀಕರಣ ಎಂದಿತ್ತು, ಆಕ್ಷೇಪಣೆ ಎಂದಿತ್ತು. ಮುನಿರಾಜು ಫೋನನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ, ಹೇಗೆ ಹಿಡಿದರೂ ಅದು ಅದೇ ಆಗಿತ್ತು.

ಸೊಣ್ಣಪ್ಪನವರು ಫೋನು ಕಸಿದುಕೊಂಡು ನೋಡಿದರು. ಅವರ ಸಿಟ್ಟು ತಟ್ಟನೆ ದಿಕ್ಕು ಬದಲಿಸಿತು. ಸರ್ಕಾರ ಅಂಟಿಸಿದ್ದು ನಿಜವಾದರೆ ಕಿತ್ತವನು ಬೀದಿಯಲ್ಲೇ ಇದ್ದಾನೆ. ಬೀದಿಯಲ್ಲಿ ಅಂಥ ಕೆಲಸ ಮಾಡುವವನು ಒಬ್ಬನೇ, ಎದುರು ಮನೆಯ ದಾಯಾದಿ ಚಿಕ್ಕಬೈರಪ್ಪ. ಮೋರಿ ನೀರಿನ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟು ಯಾವ ಕಾಲವಾಗಿತ್ತೋ. ಈಗ ಮಾತು ಬಂತು, ಬಂದದ್ದು ಬರೆಯುವಂಥದ್ದಲ್ಲ. ಚಿಕ್ಕಬೈರಪ್ಪನೂ ಸುಮ್ಮನಿರಲಿಲ್ಲ. ಗೋಡೆ ನಿಮ್ಮದು, ಬೆಳಗಾಗೆದ್ದು ಅದನ್ನು ಸವರಿ ಅಂದ ನೋಡುವವರು ನೀವು, ಕಾಗದ ಕಂಡು ಸುಮ್ಮನಿರುತ್ತಿದ್ದಿರಾ ಎಂದು ತಿರುಗಿಸಿ ಕೇಳಿದ. ಕೈ ಕೈ ಮಿಲಾಯಿಸುವ ಮೊದಲು ಯಾರೋ ಅಡ್ಡ ಬಂದು, ಕಳ್ಳನನ್ನು ಪತ್ತೆ ಮಾಡುವ ಕೆಲಸವನ್ನು ಪಕ್ಷಪಾತವಿಲ್ಲದ ಒಬ್ಬರಿಗೆ ವಹಿಸೋಣ ಎಂದರು. ಎಲ್ಲರೂ ಅಧ್ಯಕ್ಷನ ಕಡೆ ನೋಡಿದರು.

ಹೀಗೆ ಮುನಿರಾಜು ತನ್ನನ್ನು ತಾನೇ ಹುಡುಕಲು ಹೊರಟ. ಮನೆ ಮನೆಗೆ ಹೋಗಿ ವಿಚಾರಿಸಿದ. ಪ್ರತಿ ಮನೆಯವರೂ ಕಾಫಿ ಕೊಟ್ಟು, ಪಕ್ಕದ ಮನೆಯವರ ಹೆಸರು ಕೊಟ್ಟರು. ಅವನು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿ, ಎಂಥ ನೀಚ ಕೆಲಸ ಎಂದು ತನಗೆ ತಾನೇ ಬೈದುಕೊಂಡು ಬಂದ. ಮನೆಯಲ್ಲಿ ಗೌರಿ ಹೆಂಚಿನ ಮುಂದೆ ನಿಂತಿದ್ದಳು.

“ಇಡೀ ಬೀದೀನೇ ವಿಚಾರಣೆ ಮಾಡ್ತಿದ್ದೀರಲ್ಲ,” ಎಂದಳು, “ಈ ದೋಸೆ ಕೈನೂ ಒಂದ್ಸಲ ಕರೆಸಿ ಕೇಳಿ. ಆವತ್ತು ಇದಕ್ಕೆ ಮೆತ್ಕೊಂಡಿದ್ದ ಮೈದಾ ಅಂಟು ತಿಕ್ಕಿ ತಿಕ್ಕಿ ನನ್ನ ರೆಟ್ಟೆ ಬಿದ್ದೋಗಿತ್ತು.”

ಅವಳಿಗೆ ಎಲ್ಲ ಗೊತ್ತಾಗಿದೆ ಎಂದು ಮುನಿರಾಜುವಿಗೆ ತಿಳಿಯಿತು. ಬೀದಿಯವರ ತಕರಾರಿನ ವಿಚಾರಣೆಗೆ ಮೇಲಧಿಕಾರಿಗಳು ಬರುವ ದಿನ ನಿಗದಿಯಾಗಿತ್ತು. ಅಷ್ಟರಲ್ಲಿ ಸೊಣ್ಣಪ್ಪನವರು ಚಿಕ್ಕಬೈರಪ್ಪನ ಮೇಲೆ ಪೊಲೀಸಿಗೆ ದೂರು ಕೊಡುವುದಾಗಿ ಹೇಳಿಕೊಂಡು ತಿರುಗುತ್ತಿದ್ದರು. ಮುನಿರಾಜುವಿಗೆ ಹೊಳೆದದ್ದು ಒಂದೇ ದಾರಿ. ಚನಬಸಪ್ಪನಿಗೆ ಫೋನು ಮಾಡಿ, ಇದ್ದದ್ದನ್ನು ಅರ್ಧಂಬರ್ಧ ಹೇಳಿ, ಆ ಪುಟ ಹರಿದು ಒಲೆಗೆ ಹಾಕಿಬಿಡು ಎಂದ.

ಆ ಕಡೆ ಗಿರಣಿಯ ಸದ್ದು ನಿಂತಿತು. ಚನಬಸಪ್ಪ ಮಷೀನು ಆಫ್ ಮಾಡಿದ್ದ.

“ಹರಿ ಅಂತೀಯಲ್ಲೋ. ನೀ ಹಚ್ಚಿದ ಕಬ್ಬಿಣ ನನ್ನ ಬಟ್ಟು ಕೊಯ್ದರೂ ನಾ ಆ ಹಾಳಿ ಹರೀಲಿಲ್ಲ. ನಾವಿಬ್ಬರೂ ಒಂದ್ಕಡೆ ಇರಾಕ ಇರೂದ ಅದೊಂದು ಪುಸ್ತಕ. ಇವತ್ತು ಒಂದು ಹಾಳಿ ಹರಿ ಅಂದಿ, ನಾಳೆ ಪುಸ್ತಕನ ಬ್ಯಾಡ ಅಂತೀ.”

ಮುನಿರಾಜು ಸಮಜಾಯಿಷಿ ಕೊಡುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಎಷ್ಟೋ ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಇವನ ಮೇಲೆ ಸಿಟ್ಟಾಗಿದ್ದ. ಸಿಟ್ಟಿನ ಈ ತುದಿಯಲ್ಲಿ ನಿಂತು ಅಭ್ಯಾಸವಿಲ್ಲದ ಮುನಿರಾಜುವಿಗೆ ಆ ದಿನ ಊಟ ಸೇರಲಿಲ್ಲ.

ವಿಚಾರಣೆ ಸಮುದಾಯ ಭವನದಲ್ಲಿ ನಡೆಯಿತು. ಮೇಲಧಿಕಾರಿ ಭುವನೇಶ್ವರಿ ಮೇಡಂ ಮೇಜಿನ ಹಿಂದೆ, ಪಕ್ಕದಲ್ಲಿ ಬಾಲಾಜಿ. ಮುಂದಿನ ಕುರ್ಚಿಗಳಲ್ಲಿ ಇಡೀ ಬೀದಿ. ಸೊಣ್ಣಪ್ಪನವರು ಒಂದು ಗೋಡೆಗೆ, ಚಿಕ್ಕಬೈರಪ್ಪ ಎದುರು ಗೋಡೆಗೆ. ದೂರಿನ ಕಾಗದ ಸೊಣ್ಣಪ್ಪನವರ ಜೇಬಿನಲ್ಲಿ ಸಿದ್ಧವಾಗಿತ್ತು. ಅಧ್ಯಕ್ಷರು ಮಾತಾಡಬೇಕು ಎಂದಾಗ ಮುನಿರಾಜು ಎದ್ದು ನಿಂತ. ಸಿದ್ಧಮಾಡಿಕೊಂಡಿದ್ದ ಭಾಷಣ ಮರೆತೇಹೋಯಿತು. ಚಿಕ್ಕಬೈರಪ್ಪನ ಮುಖ ನೋಡಿದ. ಮಾಡದ ತಪ್ಪಿಗೆ ಬೈಸಿಕೊಂಡ ಆ ಮುಖ ಸಿಟ್ಟಿನಿಂದ ಕಪ್ಪಿಟ್ಟಿತ್ತು. ಅದು ಅನ್ಯಾಯ ಎಂಬುದು ಮುನಿರಾಜುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಕಿತ್ತಿದ್ದು ಚಿಕ್ಕಬೈರಪ್ಪ ಅಲ್ಲ,” ಎಂದ. “ನಾನು.”

ಯಾರೋ ಚಪ್ಪಾಳೆ ಹೊಡೆದರು. ಬೀದಿ ಒಡೆಯಬಾರದೆಂದು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ, ಎಂಥ ದೊಡ್ಡ ಮನಸ್ಸು ಎಂದು ಹಿಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಸೊಣ್ಣಪ್ಪನವರು ಎದ್ದು, ಕಳ್ಳನನ್ನು ಕಾಪಾಡಲು ಇಂಥ ಒಳ್ಳೆಯವನು ಸುಳ್ಳು ಹೇಳಬೇಕಾಯಿತಲ್ಲ ಎಂದು ಚಿಕ್ಕಬೈರಪ್ಪನನ್ನು ಮತ್ತಷ್ಟು ಬೈದರು. ಮುನಿರಾಜು ಮೈದಾ ಅಂಟಿನ ವಿಷಯ ಹೇಳಿದ, ದೋಸೆ ಕೈಯ ವಿಷಯ ಹೇಳಿದ. ಹೇಳಿದಷ್ಟೂ ಜನ ಅವನನ್ನು ಮೆಚ್ಚಿದರು. ನಿಜ ಹೇಳಿದರೆ ನಂಬದ ಜನರ ಮೇಲೆ ಅವನಿಗೆ ಕೆಟ್ಟ ಕೋಪ ಬಂತು.

ಆ ಹೊತ್ತಿಗೆ ಬಾಗಿಲಲ್ಲಿ ಚನಬಸಪ್ಪ ಕಾಣಿಸಿಕೊಂಡ. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಪುಸ್ತಕ. ಬಸ್ಸಿಳಿದು ಮನೆಗೆ ಹೋದವನನ್ನು ಗೌರಿ ಕಾಫಿಯನ್ನೂ ಕೊಡದೆ ಇಲ್ಲಿಗೆ ಅಟ್ಟಿದ್ದಳು. ಅವನು ಯಾರನ್ನೂ ನೋಡದೆ ನೇರವಾಗಿ ಮೇಜಿಗೆ ಬಂದು, ಪುಟ ತೆರೆದು ಮೇಡಂ ಮುಂದಿಟ್ಟ.

“ನೋಡ್ರಿ ಮೇಡಮ್ಮಾರ, ನಮ್ಮ ಗಿರಣಿಯಾಗ ಊರ ಮಂದಿ ಕೈ ಮುಗಿದು ನೋಡಿದ ಹಾಳಿ ಇದು. ಇಂವ ಇದನ್ನ ಹರಿ ಅಂತಾನ. ನೀವರ ಬುದ್ಧಿ ಹೇಳ್ರಿ.”

ಚಪ್ಪಾಳೆ ಹೊಡೆದ ಕೈಗಳು ಹಾಗೇ ನಿಂತವು. ಕಣ್ಣೊರೆಸಿಕೊಂಡ ಹೆಂಗಸರೇ ಮೊದಲು ಬಾಯಿ ಬಿಟ್ಟರು. ಹಾರ ಹಾಕಿದ್ದು ನಮ್ಮ ಕೈ ಎಂದು ಸೊಣ್ಣಪ್ಪನವರು ತಮ್ಮ ಕೈಯನ್ನೇ ಅಸಹ್ಯದಿಂದ ನೋಡಿಕೊಂಡರು. ಚಿಕ್ಕಬೈರಪ್ಪ ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಬೈಗುಳಗಳನ್ನು ಅರ್ಧ ಮುನಿರಾಜುವಿಗೆ, ಅರ್ಧ ಸೊಣ್ಣಪ್ಪನವರಿಗೆ ಸಮನಾಗಿ ಹಂಚಿದ. ಬಾಲಾಜಿ ಮಾತ್ರ ಗೆದ್ದವನಂತೆ, ನೋಟಿಸು ಅಂಟಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಮೇಡಂ ಎಂದ.

ಭುವನೇಶ್ವರಿ ಮೇಡಂ ಎಲ್ಲರನ್ನೂ ಕೂರಿಸಿ, ಅಂಟಿಸಿದ ಮೇಲೆ ಎಷ್ಟು ಹೊತ್ತಿಗೆ ಕಿತ್ತದ್ದು ಎಂದು ಮುನಿರಾಜುವನ್ನು ಕೇಳಿದರು. ಅಂಟು ಕೈಗೆ ಹತ್ತುತ್ತಿತ್ತು ಮೇಡಂ, ಕೈ ತೊಳೆಯೋಕೆ ಬಿಸಿನೀರು ಬೇಕಾಯಿತು ಎಂದು ಅವನು ತಲೆ ತಗ್ಗಿಸಿದ. ಬೇರೆ ಎಲ್ಲಾದರೂ ಪ್ರತಿ ಅಂಟಿಸಿದ್ದಿರಾ ಎಂದು ಅವರು ಬಾಲಾಜಿಯನ್ನು ಕೇಳಿದರು. ಇಲ್ಲ. ಆಮೇಲೆ ಬಂದು ಕಾಗದ ಇದೆಯೇ ಎಂದು ನೋಡಿದಿರಾ. ಫೋಟೋ ಇತ್ತಲ್ಲ ಮೇಡಂ ಎಂದ ಬಾಲಾಜಿ.

“ಅಂದ್ರೆ ಈ ನೋಟಿಸ್ ಓದಿದ ಸಾರ್ವಜನಿಕರು ಒಬ್ಬರೂ ಇಲ್ಲ,” ಎಂದರು ಮೇಡಂ. “ಕಿತ್ತವರೂ ಓದಿಲ್ಲ. ಮೊದಲಿಂದ ಶುರು ಮಾಡಿ.”

ಹೊಸ ನೋಟಿಸು, ಹೊಸ ಅವಧಿ, ಪ್ರತಿ ಮನೆಯ ಆಕ್ಷೇಪಣೆಯನ್ನೂ ಕೇಳಿದ ಮೇಲೆಯೇ ಮುಂದಿನ ಮಾತು ಎಂದು ತೀರ್ಮಾನವಾಯಿತು. ಬಚ್ಚಲುಗಳೂ ಜಗುಲಿಗಳೂ ಸದ್ಯಕ್ಕೆ ಉಳಿದವು. ಉಳಿಸಿದ್ದಕ್ಕೆ ಮುನಿರಾಜುವನ್ನು ಹೊಗಳಬೇಕೋ, ಕಿತ್ತದ್ದಕ್ಕೆ ಹೊಡೆಯಬೇಕೋ ತಿಳಿಯದೆ ಬೀದಿ ಇನ್ನಷ್ಟು ರೇಗಿತು. ಅಧ್ಯಕ್ಷ ಪದವಿಯಿಂದ ಅವನನ್ನು ಅಲ್ಲೇ ಇಳಿಸಲಾಯಿತು. ಸರ್ಕಾರದ ಆಸ್ತಿ ಎಂದು ಬಾಲಾಜಿ ಆ ಪುಟಕ್ಕೆ ಕೈ ಹಾಕಿದಾಗ, ಚನಬಸಪ್ಪ ಪುಸ್ತಕವನ್ನು ಎರಡು ಕೈಯಲ್ಲೂ ಅವುಚಿಕೊಂಡು, ಹೊಸದು ಅಂಟಿಸುತ್ತೀರಂತಲ್ಲ, ಹಳೇದರಿಂದ ನಿಮಗೇನಾಗಬೇಕು ಎಂದು ನಿಂತುಬಿಟ್ಟ. ಮೇಡಂ ನಕ್ಕು, ಪುಟದ ಮೇಲೆ ಅಡ್ಡಲಾಗಿ ‘ರದ್ದು’ ಎಂದು ಬರೆದು ತಮ್ಮ ರುಜು ಹಾಕಿ ಕೊಟ್ಟರು.

ಚನಬಸಪ್ಪ ಮುನಿರಾಜುವಿನ ಜೊತೆ ಮಾತಾಡಲಿಲ್ಲ. ಗೌರಿಯ ಕೈಯ ಊಟ ಮಾಡಿದ, ಗೌರಿಯ ಜೊತೆಗಷ್ಟೇ ಮಾತಾಡಿದ. ಸಂಜೆ ಬಸ್ಸಿಗೆ ಬಿಡಲು ಹೋದಾಗಲೂ ಆಟೋದ ಒಂದು ತುದಿಗೆ ಇವನು, ಇನ್ನೊಂದು ತುದಿಗೆ ಅವನು, ನಡುವೆ ಪುಸ್ತಕ. ಬಸ್ಸು ಬಂತು. ಚನಬಸಪ್ಪ ಪುಸ್ತಕ ಎತ್ತಿಕೊಂಡು ಹತ್ತಿದ. ಮುನಿರಾಜು ಕಿಟಕಿಯ ಕೆಳಗೆ ನಿಂತ.

“ಹರಿ ಅಂದಿದ್ದು ತಪ್ಪಾಯ್ತು ಕಣೋ ಬಸಪ್ಪ,” ಎಂದ. “ಎದರ್ಕೊಂಬಿಟ್ಟಿದ್ದೆ.”

ಚನಬಸಪ್ಪ ಮುಖ ತಿರುಗಿಸಿಕೊಂಡೇ ಇದ್ದ. ಬಸ್ಸು ಅಲುಗಾಡಿದಾಗ ಕಿಟಕಿಯಿಂದ ಪುಸ್ತಕ ಹೊರಗೆ ಬಂತು.

“ನಾ ಗಿರಣಿಯಾಗ ಕುಂತು ಬರೆದೇನಿ. ಈಗ ನಿನ್ನ ಪಾಳಿ. ಚಸಮಾ ಹಾಕ್ಕೊಂಡು ಬರಿ.”

ಮುನಿರಾಜು ಪುಸ್ತಕ ಹೊತ್ತು ಬೀದಿಗೆ ಬಂದಾಗ ಸೊಣ್ಣಪ್ಪನವರು ಜಗುಲಿಯ ಮೇಲೆ ಕೂತಿದ್ದರು. ಕಂಡೂ ಕಾಣದವನಂತೆ ದಾಟಲು ನೋಡಿದ. ಅವರು ಬಿಡಲಿಲ್ಲ. ವಿಚಾರಣೆ ಮುಗಿದ ಮೇಲೆ ಭವನದಲ್ಲೇ ಅವರು ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದ್ದರಂತೆ. ಯಾವುದೋ ಊರಿನ ಟಗರು ಇತ್ತು, ಚಿಕ್ಕಬೈರಪ್ಪನ ಮನೆಯ ದಾಸವಾಳ ಕೂಡ ಇತ್ತು.

“ನನ್ನ ಗೋಡೆ ಮ್ಯಾಲಿಂದೇ ಕಿತ್ಕೊಂಡೋಗಿದೀಯ,” ಎಂದರು. “ಇಷ್ಟು ದಪ್ಪ ಪುಸ್ತಕದಾಗೆ ನಮ್ಮನೆ ಇಚಾರ ಒಂದು ಸಾಲಾದ್ರೂ ಬರೆದಿದೀಯೇನ್ಲಾ? ಯಲಬುರ್ಗಾದೋರು ನಮ್ಮನ್ನ ಏನಂತ ತಿಳ್ಕೋಬೇಕು?”

ಸೊಣ್ಣಪ್ಪನವರು ಪಕ್ಕಕ್ಕೆ ಸರಿದು ಜಾಗ ಮಾಡಿ, ಹೆಂಡತಿ ಸೊಣ್ಣಮ್ಮನಿಗೆ ದೀಪ ಹಾಕಲು ಹೇಳಿ, ಕಾಲು ಮಡಚಿ ಕೂತರು. ಮುನಿರಾಜು ಕನ್ನಡಕ ಏರಿಸಿ ಪೆನ್ನು ತೆಗೆದ. ಅವರು ಗಂಟಲು ಸರಿಮಾಡಿಕೊಂಡು, ಇನ್ನೂ ಸಿಟ್ಟಿನಲ್ಲೇ, ತಮ್ಮ ತಾತ ಈ ಜಗುಲಿಯ ಕಲ್ಲನ್ನು ಯಾವ ಗುಡ್ಡದಿಂದ ಹೊಡೆಸಿಕೊಂಡು ಬಂದ ಎಂಬಲ್ಲಿಂದ ಶುರು ಮಾಡಿದರು.